ಕುಮಟಾ ಹತ್ತಿಯ ಏರಿಳಿತ

ಕುಮಟಾ ಹತ್ತಿ ಬೆಳೆಯುವ ಊರಲ್ಲ. ಆದರೂ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ವರ್ತಕರು 'ಕುಮಟಾ ಹತ್ತಿ' ಎಂಬ ಹೆಸರನ್ನು ಚೆನ್ನಾಗಿ ಬಲ್ಲವರಾಗಿದ್ದರು. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದ ಅರಳೆ ಬಂಡಿಗಳಲ್ಲಿ ಘಟ್ಟವಿಳಿದು, ಕುಮಟೆಯಲ್ಲಿ ಹಡಗನ್ನೇರಿ ಮುಂಬಯಿಗೆ ಹೋಗುತ್ತಿತ್ತು; ಬಂದರಿನ ಹೆಸರೇ ಬೆಳೆಗೂ ಅಂಟಿತು. ದೂರದ ಯುದ್ಧವೊಂದು ಈ ಹತ್ತಿಯ ಬೆಲೆಯನ್ನು ಹೇಗೆ ಏರಿಸಿ ಇಳಿಸಿತೆಂಬುದನ್ನು ಇಂದು ನಾನು ತಮ್ಮ ಮುಂದೆ ಅರಿಕೆ ಮಾಡಬಯಸುತ್ತೇನೆ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುತ್ತಿತು. ಲ್ಯಾಂಕಶೈರ್‌ನ ಗಿರಣಿಗಳು ಬಹುಮಟ್ಟಿಗೆ ಅಮೆರಿಕದ ಹತ್ತಿಯನ್ನೇ ನಂಬಿದ್ದವು. 1862ರ ಹೊತ್ತಿಗೆ ಅಲ್ಲಿ ಲಕ್ಷಾಂತರ ಕಾರ್ಮಿಕರಿಗೆ ಕೆಲಸವಿಲ್ಲದಂತಾಯಿತು. ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ 1864ರಲ್ಲಿ ಯುದ್ಧಪೂರ್ವದ ಮೂರು-ನಾಲ್ಕು ಪಟ್ಟಾಯಿತು. ಧಾರವಾಡದಲ್ಲಿ 1840ರ ದಶಕದಿಂದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿಯನ್ನೂ ಬೆಳೆಸಲಾಗುತ್ತಿತ್ತು. ಅಮೆರಿಕದ ಕಲಹ ಅಮೆರಿಕದ ಬೀಜಕ್ಕೇ ಇಲ್ಲಿ ಬೆಲೆ ತಂದದ್ದು ಇತಿಹಾಸದ ವಿನೋದ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದರ ಹಿಂದೆಯೂ ಕಾರವಾರದ ಬಂದರಿನ ಮೂಲಕ ಹತ್ತಿಯನ್ನು ಸಾಗಿಸುವ ಆಸೆಯಿತ್ತು.

ಹತ್ತಿಗೆ ಪ್ರತಿಯಾಗಿ ಬೆಳ್ಳಿ ಹರಿದುಬಂತು. ಬೆಳ್ಳಿ ಹೆಚ್ಚಿದಂತೆ ಧಾನ್ಯದ ಬೆಲೆಯೂ ಕೂಲಿಯೂ ಏರಿದವು. ಹತ್ತಿ ಮಾರಿದವನಿಗೆ ಇದು ಸುಗ್ಗಿ. ಜೋಳ ಕೊಂಡು ತಿನ್ನುವವನಿಗೆ ತುಟ್ಟಿಯ ಕಾಲ.

ಮುಂಬಯಿಯಲ್ಲಿ ಈ ಹಣ ಷೇರುಗಳತ್ತ ತಿರುಗಿತು. ಹೊಸ ಬ್ಯಾಂಕುಗಳೂ ಸಮುದ್ರ ತುಂಬಿ ನೆಲ ಮಾಡುವ ಕಂಪನಿಗಳೂ ಹುಟ್ಟಿದವು. ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು ಅದರ ಹತ್ತರಷ್ಟು ಬೆಲೆಗೆ ಹೋಯಿತೆಂದು ಹೇಳುತ್ತಾರೆ. ಪ್ರೇಮಚಂದ್ ರಾಯಚಂದ್ ಈ ಪೇಟೆಯ ಅನಭಿಷಿಕ್ತ ದೊರೆ. ಬ್ಯಾಂಕ್ ಆಫ್ ಬಾಂಬೆ ಷೇರುಗಳ ಆಧಾರದ ಮೇಲೆಯೇ ಸಾಲ ಕೊಟ್ಟಿತು.

1865ರ ಏಪ್ರಿಲ್‌ನಲ್ಲಿ ಲೀ ಸೇನಾನಿ ಶರಣಾದನು. ಹತ್ತಿಯ ಬೆಲೆ ಕುಸಿಯಿತು. ವಾಯಿದೆ ವ್ಯವಹಾರಗಳನ್ನು ತೀರಿಸಬೇಕಾಗಿದ್ದ ಜುಲೈ 1ರಂದು ಅನೇಕ ಮನೆತನಗಳು ದಿವಾಳಿಯಾದವು. ಬ್ಯಾಂಕ್ ಆಫ್ ಬಾಂಬೆಯನ್ನು 1868ರಲ್ಲಿ ಮುಚ್ಚಬೇಕಾಯಿತು. ಪ್ರೇಮಚಂದರ ಕೊಡುಗೆಯಿಂದ ಎದ್ದ ರಾಜಾಬಾಯಿ ಗೋಪುರ ಮಾತ್ರ ಮುಂಬಯಿಯಲ್ಲಿ ಉಳಿಯಿತು.

ನಷ್ಟ ಪೇಟೆಯಲ್ಲೇ ನಿಲ್ಲಲಿಲ್ಲ. ಪುಣೆಯ ಇಂದಾಪುರದಲ್ಲಿ 1867ರ ಕಂದಾಯ ಪರಿಷ್ಕರಣೆ ಏರಿದ್ದ ಬೆಲೆಗಳನ್ನು ಲೆಕ್ಕಕ್ಕೆ ಹಿಡಿದು ಕಂದಾಯವನ್ನು ಹೆಚ್ಚಿಸಿತು. ಬೆಲೆ ಇಳಿಯಿತು, ಕಂದಾಯ ಇಳಿಯಲಿಲ್ಲ. ಸುಗ್ಗಿಯ ದಿನಗಳಲ್ಲಿ ಕರೆದು ಸಾಲ ಕೊಟ್ಟಿದ್ದ ಸಾಹುಕಾರ ಈಗ ಕೈ ಬಿಗಿಹಿಡಿದನು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಲಪತ್ರಗಳನ್ನು ಕಸಿದು ಸುಟ್ಟುದಕ್ಕೆ ಇದೂ ಒಂದು ಕಾರಣ.

ಯುದ್ಧದಿಂದ ಏರಿದ ಬೆಲೆ ಶಾಂತಿಯೊಡನೆ ಇಳಿಯುತ್ತದೆಂಬುದು ತಿಳಿಯದ ವಿಷಯವೇನಲ್ಲ. ಎಂದು ಇಳಿಯುತ್ತದೆಂಬುದು ಮಾತ್ರ ಯಾರಿಗೂ ತಿಳಿಯದು. ಬಂದ ಲಾಭದಿಂದ ಸಾಲ ತೀರಿಸಿದವನು ಉಳಿದುಕೊಂಡನು. ಬರಲಿರುವ ಲಾಭವನ್ನು ನಂಬಿ ಸಾಲ ಮಾಡಿದವನು ಮುಳುಗಿದನು. ಇಂದಿಗೂ ದೂರದ ಯುದ್ಧದ ಸುದ್ದಿಯಿಂದ ಎಣ್ಣೆಯೋ ಗೋಧಿಯೋ ತುಟ್ಟಿಯಾದಾಗ ನನಗೆ ಘಟ್ಟವಿಳಿಯುವ ಆ ಹತ್ತಿಯ ಬಂಡಿಗಳು ನೆನಪಾಗುತ್ತವೆ.