ಪರಿಚಯವಿಲ್ಲದ ದಾನಿಗಳಿಗೆ ಬರೆಯುವ ಇ-ಮೇಲ್ ಸ್ಪ್ಯಾಮ್‌ಗೆ ಬೀಳದಿರಲು: ಬಸದಿ ಸಮಿತಿಗಳಿಗೆ ಮಾಹಿತಿ

ಚಿಕ್ಕರಸಿನಕೆರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹೋಬಳಿ ಕೇಂದ್ರ. ಇದೇ ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿ ಸ್ವಾಮಿಯ ಪ್ರಾಚೀನ ಮೂರ್ತಿಯಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿ ಮತ್ತು ಮಾನಸ್ತಂಭಗಳಿವೆ. ಜಿಲ್ಲೆಯಲ್ಲಿ ಜೈನ ಪರಂಪರೆ ದೊಡ್ಡದು, ಆದರೆ ಇಂದು ಶ್ರಾವಕರ ಮನೆಗಳು ಕಡಿಮೆ. ಹೀಗಾಗಿ ಮುನಿಸಂಘದ ವಿಹಾರ, ಆಹಾರದಾನ ಅಥವಾ ಯಾತ್ರಿಕರ ಅನುಕೂಲಕ್ಕೆ ನೆರವು ಬೇಕಾದಾಗ ಇಂಥ ಊರುಗಳವರು ಬೆಂಗಳೂರು, ಮುಂಬೈ ಅಥವಾ ವಿದೇಶದಲ್ಲಿರುವ, ಮುಖ ಪರಿಚಯವೂ ಇಲ್ಲದ ಸಾಧರ್ಮಿಗಳಿಗೆ ಪತ್ರ ಬರೆಯಬೇಕಾಗುತ್ತದೆ. ಆ ಪತ್ರ ಸ್ಪ್ಯಾಮ್ ಕಡತಕ್ಕೆ ಬಿದ್ದರೆ ದಾನಿಗೆ ವಿಷಯವೇ ತಿಳಿಯುವುದಿಲ್ಲ. ಜಿಮೇಲ್‌ನಲ್ಲಿ ಸ್ಪ್ಯಾಮ್‌ಗೆ ಬಿದ್ದ ಪತ್ರ 30 ದಿನಗಳ ನಂತರ ತಾನಾಗಿ ಅಳಿದುಹೋಗುತ್ತದೆ. ಉತ್ತರ ಬಾರದ್ದನ್ನು ಸಮಿತಿಯವರು ನಿರಾಕರಣೆ ಎಂದು ತಿಳಿಯುತ್ತಾರೆ.

ಕಳುಹಿಸುವವರ ಗುರುತು

ಇ-ಮೇಲ್ ಸೇವೆಗಳು ಮೊದಲು ನೋಡುವುದು ಪತ್ರ ನಿಜವಾಗಿ ಆ ವಿಳಾಸದಿಂದಲೇ ಬಂದಿದೆಯೇ ಎಂಬುದನ್ನು. ಇದಕ್ಕೆ ಮೂರು ವ್ಯವಸ್ಥೆಗಳಿವೆ.

ಎಸ್‌ಪಿಎಫ್: ಸಂಸ್ಥೆಯ ಡೊಮೇನ್ ಹೆಸರಿನಲ್ಲಿ ಯಾವ ಯಾವ ಸರ್ವರ್‌ಗಳು ಪತ್ರ ಕಳುಹಿಸಬಹುದು ಎಂಬ ಪಟ್ಟಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಪರೀಕ್ಷೆ ವಿಫಲವಾಗುತ್ತದೆ.

ಡಿಕೆಐಎಂ: ಪತ್ರಕ್ಕೆ ಹಾಕುವ ಡಿಜಿಟಲ್ ಮೊಹರು. ದಾರಿಯಲ್ಲಿ ಒಕ್ಕಣೆ ಬದಲಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಡಿಮಾರ್ಕ್: ಮೇಲಿನ ಎರಡರಲ್ಲಿ ಒಂದಾದರೂ ಕಳುಹಿಸಿದವರ ಡೊಮೇನ್‌ಗೆ ಹೊಂದದಿದ್ದರೆ ಏನು ಮಾಡಬೇಕೆಂದು ಡೊಮೇನ್‌ನ ಮಾಲೀಕರು ಕೊಡುವ ಸೂಚನೆ. ಆರಂಭದಲ್ಲಿ ‘ವರದಿ ಮಾತ್ರ’ ಎಂದಿಟ್ಟು, ಎಲ್ಲವೂ ಸರಿ ಎಂದು ಖಾತ್ರಿಯಾದ ಮೇಲೆ ಬಿಗಿ ಮಾಡುವುದು ಕ್ರಮ.

ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಈ ನಿಯಮಗಳನ್ನು ಬಿಗಿಗೊಳಿಸಿವೆ. ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಪ್ರತಿಯೊಬ್ಬರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಇರಬೇಕು. ದಿನಕ್ಕೆ 5,000ಕ್ಕೂ ಹೆಚ್ಚು ಕಳುಹಿಸುವವರಿಗೆ ಮೂರೂ ಕಡ್ಡಾಯ. ಮೈಕ್ರೋಸಾಫ್ಟ್ ಕೂಡ 2025ರ ಮೇ ತಿಂಗಳಿನಿಂದ ಔಟ್‌ಲುಕ್ ಖಾತೆಗಳಿಗೆ ಇಂಥದೇ ನಿಯಮ ತಂದಿದೆ.

ಸ್ವಂತ ಡೊಮೇನ್ ಇಲ್ಲದ ಸಮಿತಿ ಸಾಮಾನ್ಯ ಜಿಮೇಲ್ ಖಾತೆಯಿಂದಲೇ ನೇರವಾಗಿ ಬರೆದರೆ ಈ ಗುರುತುಗಳನ್ನು ಗೂಗಲ್ ತಾನೇ ಹಾಕುತ್ತದೆ. ದಿನಕ್ಕೆ 500 ಜನರ ಮಿತಿಯಿದೆ, ಸಣ್ಣ ಸಮಿತಿಗೆ ಅದು ಧಾರಾಳ. ಆದರೆ ಜಿಮೇಲ್ ವಿಳಾಸವನ್ನು ಬೇರೆ ಸಾಮೂಹಿಕ ಇ-ಮೇಲ್ ಸೇವೆಯ ಮೂಲಕ ಬಳಸಬಾರದು. ಗುರುತು ಹೊಂದದೆ ಪತ್ರ ನೇರ ಸ್ಪ್ಯಾಮ್‌ಗೆ ಹೋಗುವ ಸಂಭವ ಹೆಚ್ಚು.

ದೂರಿನ ಲೆಕ್ಕ

ಪತ್ರ ಪಡೆದವರು ‘ಸ್ಪ್ಯಾಮ್’ ಗುಂಡಿ ಒತ್ತಿದರೆ ಅದು ದೂರು ಎಂದೇ ಲೆಕ್ಕ. ಗೂಗಲ್ ಹೇಳುವಂತೆ ದೂರಿನ ಪ್ರಮಾಣ ಶೇ. 0.1ಕ್ಕಿಂತ ಕೆಳಗಿರಬೇಕು, ಶೇ. 0.3 ಮುಟ್ಟಲೇಬಾರದು. ಅಂದರೆ 300 ಪತ್ರಗಳಲ್ಲಿ ಒಬ್ಬರು ದೂರಿದರೂ ಮಿತಿ ದಾಟಿದಂತೆ. ಆದ್ದರಿಂದ ಸಾವಿರ ವಿಳಾಸಗಳಿಗೆ ಒಮ್ಮೆಗೆ ಕಳುಹಿಸುವುದಕ್ಕಿಂತ ಸಂಬಂಧವಿರುವ ಐವತ್ತು ಜನರಿಗೆ ಹೆಸರು ಹಿಡಿದು ಬರೆಯುವುದು ಲೇಸು. ಹೊಸ ಡೊಮೇನ್ ಆದರೆ ದಿನಕ್ಕೆ ಹತ್ತಿಪ್ಪತ್ತರಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ವರ್ಷವೆಲ್ಲ ಸುಮ್ಮನಿದ್ದು ದಶಲಕ್ಷಣ ಪರ್ವದ ಹಿಂದಿನ ದಿನ ಒಮ್ಮೆಗೇ ನೂರಾರು ಪತ್ರ ಹೊರಟರೆ ಇ-ಮೇಲ್ ಸೇವೆಗಳಿಗೆ ಅನುಮಾನ ಬರುತ್ತದೆ.

ವಿಳಾಸ ಬಂದ ದಾರಿ

ಬೇರೆ ಸಂಸ್ಥೆಯ ಸದಸ್ಯರ ಪಟ್ಟಿ, ಮದುವೆ ಪರಿಚಯ ಪುಸ್ತಕ, ವಾಟ್ಸ್‌ಆ್ಯಪ್ ಗುಂಪು ಇವುಗಳಿಂದ ವಿಳಾಸ ಎತ್ತಿಕೊಳ್ಳಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಮಹತ್ವ ಕೊಟ್ಟಿದೆ. ಶ್ರಾವಕರಿಗಂತೂ ಇದು ಹೊಸ ಮಾತಲ್ಲ: ಕೊಡದೇ ಇದ್ದುದನ್ನು ತೆಗೆದುಕೊಳ್ಳದಿರುವುದೇ ಅಚೌರ್ಯಾಣುವ್ರತ. ಸಂಸ್ಥೆಗಳು ತಾವೇ ಪ್ರಕಟಿಸಿದ ಕಚೇರಿ ವಿಳಾಸಕ್ಕೆ ಬರೆಯಬಹುದು, ಪರಿಚಿತರೊಬ್ಬರ ಮೂಲಕ ಒಪ್ಪಿಗೆ ಕೇಳಬಹುದು. ಹಳೆಯ ಪಟ್ಟಿಯಲ್ಲಿ ತಲುಪದೆ ಹಿಂದಿರುಗಿದ ವಿಳಾಸಗಳನ್ನು ಕೂಡಲೇ ತೆಗೆಯಬೇಕು.

ಒಕ್ಕಣೆ

ಕನ್ನಡ ಪಠ್ಯ ಯುನಿಕೋಡ್‌ನಲ್ಲೇ ಇರಬೇಕು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ. ಅಂಥ ಪತ್ರವನ್ನು ಯಾರೂ ನಂಬುವುದಿಲ್ಲ. ಕರಪತ್ರದ ಚಿತ್ರವೊಂದನ್ನೇ ಕಳುಹಿಸುವುದೂ ಸರಿಯಲ್ಲ. ವಿಷಯವನ್ನು ಅಕ್ಷರದಲ್ಲಿ ಬರೆಯಬೇಕು. ಮೊದಲ ಪತ್ರಕ್ಕೆ ಭಾರವಾದ ಲಗತ್ತು, ಕಿರಿದುಗೊಳಿಸಿದ ಲಿಂಕ್, ‘ತುರ್ತು’ ಎಂಬ ಶೀರ್ಷಿಕೆ ಬೇಡ.

ಬರೆಯುವವರು ಯಾರು, ಊರು ಯಾವುದು, ಈ ದಾನಿಗೇ ಏಕೆ ಬರೆಯಲಾಗಿದೆ, ಎಷ್ಟು ನೆರವು ಯಾವ ಕೆಲಸಕ್ಕೆ ಎಂಬುದು ಹತ್ತು ಸಾಲಿನಲ್ಲಿ ಮುಗಿಯಬೇಕು. ನೋಂದಣಿ, 80ಜಿ ಇದ್ದರೆ ತಿಳಿಸಬೇಕು. ಬ್ಯಾಂಕ್ ಖಾತೆಯ ವಿವರವನ್ನು ಉತ್ತರ ಬಂದ ಮೇಲೆ ಕೊಡುವುದು ಕ್ಷೇಮ. ‘ಇನ್ನು ಪತ್ರ ಬೇಡವಾದರೆ ಒಂದು ಸಾಲು ತಿಳಿಸಿ’ ಎಂದು ಕೊನೆಗೆ ಬರೆದು, ಬೇಡವೆಂದವರ ಹೆಸರನ್ನು ಎರಡು ದಿನದೊಳಗೆ ತೆಗೆಯಬೇಕು. ಹಿತವಾಗಿ, ಮಿತವಾಗಿ ಮಾತಾಡಬೇಕೆನ್ನುವ ಭಾಷಾ ಸಮಿತಿಯ ಆಶಯವೂ ಇದೇ.

ಕಳುಹಿಸುವ ಮುನ್ನ

ಮೊದಲು ಸಮಿತಿಯವರದೇ ಬೇರೊಂದು ಜಿಮೇಲ್ ಖಾತೆಗೆ ಕಳುಹಿಸಿ, ‘ಮೂಲವನ್ನು ತೋರಿಸಿ’ ಆಯ್ಕೆಯಲ್ಲಿ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿದೆಯೇ ನೋಡಬೇಕು. ಉತ್ತರ ಬಾರದಿದ್ದರೆ ವಾರದ ನಂತರ ಒಮ್ಮೆ ಮಾತ್ರ ನೆನಪಿಸಬಹುದು. ಅದಕ್ಕೂ ಉತ್ತರವಿಲ್ಲದಿದ್ದರೆ ಅಂಚೆಯಲ್ಲಿ ಪತ್ರ ಹಾಕುವುದು, ಇಲ್ಲವೇ ಬಲ್ಲವರೊಬ್ಬರಿಂದ ಫೋನ್ ಮಾಡಿಸುವುದು ಉತ್ತಮ. ಸ್ಪ್ಯಾಮ್‌ಗೆ ಬಿದ್ದ ಪತ್ರವನ್ನು ದಾನಿ ಹೊರತೆಗೆದು ಒಮ್ಮೆ ಉತ್ತರಿಸಿದರೆ, ಆ ಸಮಿತಿಯ ಮುಂದಿನ ಪತ್ರಗಳು ಅವರ ಇನ್‌ಬಾಕ್ಸ್‌ಗೇ ಬರುವ ಸಾಧ್ಯತೆ ಹೆಚ್ಚುತ್ತದೆ.