ವಿದ್ಯಾರ್ಥಿ ಸೇವೆ: ವಿಧಿಯೋ ವ್ರತವೋ?

ಆಜ್ಞೆಗೆ ಅಂಜಿ ಮಾಡುವ ಸೇವೆಯು ಚಾಕರಿಯಾಗುತ್ತದೆ. ಮನಸ್ಸು ಬಂದಾಗ ಮಾತ್ರ ಮಾಡುವ ಸೇವೆಯು ಹವ್ಯಾಸವಾಗುತ್ತದೆ. ಇವೆರಡೂ ಆಗದಂತೆ ಸೇವೆಯನ್ನು ಶಿಕ್ಷಣದ ಅಂಗವಾಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಸ್ವತಂತ್ರ ಭಾರತದ ಶಿಕ್ಷಣತಜ್ಞರು ಇಪ್ಪತ್ತು ವರ್ಷಗಳ ಕಾಲ ಚರ್ಚಿಸಿದರು. ಆ ಚರ್ಚೆಯ ಫಲವಾಗಿ 1969ರಲ್ಲಿ ಹುಟ್ಟಿದ್ದೇ ರಾಷ್ಟ್ರೀಯ ಸೇವಾ ಯೋಜನೆ. ಎನ್.ಎಸ್.ಎಸ್. ಎಂಬ ಮೂರಕ್ಷರದ ಹೆಸರಿನಿಂದ ಇಂದು ಕಾಲೇಜುಗಳಲ್ಲಿ ಚಿರಪರಿಚಿತವಾಗಿರುವ ಈ ಯೋಜನೆಯ ಹಿಂದೆ ಎಂತಹ ಜಿಜ್ಞಾಸೆ ನಡೆದಿತ್ತೆಂಬುದನ್ನು ಅದರಲ್ಲಿ ಹೆಸರು ನೋಂದಾಯಿಸುವವರಲ್ಲಿ ಅನೇಕರು ಅರಿಯರು.

ಪರಕೀಯರ ಆಳ್ವಿಕೆಯಲ್ಲಿ ಬೆಳೆದ ಉನ್ನತ ಶಿಕ್ಷಣವು ಕಚೇರಿಗಳಿಗೆ ನೌಕರರನ್ನೂ ನ್ಯಾಯಾಲಯಗಳಿಗೆ ವಕೀಲರನ್ನೂ ಒದಗಿಸಿತು. ಆದರೆ ಓದಿದವನಿಗೂ ಅವನ ಹುಟ್ಟೂರಿಗೂ ನಡುವೆ ಒಂದು ಕಂದಕವನ್ನೂ ತೋಡಿತು. ಪದವೀಧರನು ತನ್ನ ಓದಿನ ವೆಚ್ಚವನ್ನು ಪರೋಕ್ಷವಾಗಿ ಹೊತ್ತ ರೈತನನ್ನು ಗುರುತಿಸಲಾರದವನಾದನು. ಮಹಾತ್ಮಾ ಗಾಂಧಿಯವರು ಇದನ್ನು ಬಹು ಮೊದಲೇ ಕಂಡಿದ್ದರು. ವ್ಯಾಸಂಗದ ಅವಧಿಯು ಬುದ್ಧಿವಿಲಾಸದ ಕಾಲವಲ್ಲ, ಸಮಾಜಸೇವೆಗೆ ಸಿದ್ಧರಾಗುವ ಕಾಲವೆಂದು ಅವರು ವಿದ್ಯಾರ್ಥಿಗಳಿಗೆ ತಿಳಿಹೇಳುತ್ತಿದ್ದರು. ರಜೆಯ ದಿನಗಳಲ್ಲಿ ಹಳ್ಳಿಗಳಿಗೆ ತೆರಳಿ ಗ್ರಾಮಸ್ಥರೊಡನೆ ದುಡಿಯಬೇಕೆಂಬುದು ಅವರ ಅಪೇಕ್ಷೆಯಾಗಿತ್ತು.

ಸ್ವಾತಂತ್ರ್ಯಾನಂತರ ಈ ಅಪೇಕ್ಷೆಗೆ ಮೊದಲ ಅಧಿಕೃತ ರೂಪವು ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಿಂದ (1948–49) ದೊರೆಯಿತು. ಶಿಕ್ಷಣ ಸಂಸ್ಥೆಗಳಲ್ಲಿ ರಾಷ್ಟ್ರಸೇವೆಯನ್ನು ಆರಂಭಿಸಬೇಕು, ಆದರೆ ಅದು ವಿದ್ಯಾರ್ಥಿಯ ಸ್ವಂತ ಇಚ್ಛೆಗೆ ಬಿಟ್ಟದ್ದಾಗಿರಬೇಕು ಎಂದು ಆಯೋಗವು ಶಿಫಾರಸು ಮಾಡಿತು. 1950ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯೂ ಇದೇ ಮಾತನ್ನು ಹೇಳಿ, ಒಂದು ಮುಖ್ಯ ಅಂಶವನ್ನು ಸೇರಿಸಿತು. ವಿದ್ಯಾರ್ಥಿಗಳು ಸ್ವಇಚ್ಛೆಯಿಂದ ದೈಹಿಕ ಶ್ರಮಕ್ಕೆ ಸ್ವಲ್ಪ ಕಾಲವನ್ನು ಮೀಸಲಿಡಬೇಕು. ಅಧ್ಯಾಪಕರೂ ಅವರೊಡನೆ ಕೂಡಿ ದುಡಿಯಬೇಕು. ದಡದಲ್ಲಿ ನಿಂತು ಈಜು ಕಲಿಸಲಾಗದೆಂಬ ವಿವೇಕವು ಈ ಶಿಫಾರಸಿನಲ್ಲಿದೆ.

ಮೊದಲನೆಯ ಪಂಚವಾರ್ಷಿಕ ಯೋಜನೆಯು ವಿದ್ಯಾರ್ಥಿಗಳ ಶ್ರಮಸೇವೆಗೂ ಸಮಾಜಸೇವೆಗೂ ಮಹತ್ವ ನೀಡಿತು. ಅದರ ಪರಿಣಾಮವಾಗಿ ಶ್ರಮದಾನ ಶಿಬಿರಗಳು, ಕಾಲೇಜು ಆವರಣದ ನಿರ್ಮಾಣಕಾರ್ಯಗಳು, ಗ್ರಾಮಗಳಲ್ಲಿ ತರಬೇತಿ ಪಡೆಯುವ ಯೋಜನೆಗಳು ಅಲ್ಲಲ್ಲಿ ನಡೆದವು. ಆದರೆ ಇವುಗಳಲ್ಲಿ ಭಾಗಿಗಳಾದವರು ವಿದ್ಯಾರ್ಥಿ ಸಮುದಾಯದ ಒಂದು ಸಣ್ಣ ಅಂಶ ಮಾತ್ರ. ಇಚ್ಛೆಗೆ ಬಿಟ್ಟರೆ ಬರುವವರು ಕೆಲವರೇ ಎಂಬ ಅರಿವು ಬೆಳೆದಂತೆ ಕಡ್ಡಾಯದ ವಿಚಾರವೂ ಬಲಗೊಂಡಿತು. 1958ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮುಖ್ಯಮಂತ್ರಿಗಳಿಗೆ ಬರೆದ ಪತ್ರದಲ್ಲಿ, ಪದವಿ ಪಡೆಯುವುದಕ್ಕೆ ಸಮಾಜಸೇವೆಯನ್ನು ಪೂರ್ವಷರತ್ತಾಗಿ ಮಾಡಬಹುದೇ ಎಂಬ ವಿಚಾರವನ್ನು ಮುಂದಿಟ್ಟರು.

1959ರ ಆಗಸ್ಟ್ 28ರಂದು ಡಾ. ಸಿ.ಡಿ. ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಸೇವಾ ಸಮಿತಿಯು ನೇಮಕಗೊಂಡಿತು. ಈ ಸಮಿತಿಯ ಶಿಫಾರಸು ಬಹಳ ದಿಟ್ಟವಾದುದು. ಪ್ರೌಢಶಿಕ್ಷಣ ಮುಗಿಸಿ ಕಾಲೇಜಿಗೆ ಸೇರಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ 9 ತಿಂಗಳಿಂದ 1 ವರ್ಷದವರೆಗೆ ಕಡ್ಡಾಯವಾಗಿ ರಾಷ್ಟ್ರಸೇವೆ ಸಲ್ಲಿಸಬೇಕು. ಅದರಲ್ಲಿ ಸ್ವಲ್ಪ ಸೈನಿಕ ಶಿಕ್ಷಣ, ಸಮಾಜಸೇವೆ, ದೈಹಿಕ ಶ್ರಮ ಮತ್ತು ಸಾಮಾನ್ಯ ಶಿಕ್ಷಣ ಇರಬೇಕು ಎಂದು ಅದು ಸೂಚಿಸಿತು. ಆದರೆ ಇಷ್ಟು ಮಂದಿ ತರುಣರಿಗೆ ಒಂದು ವರ್ಷ ಅನ್ನ, ವಸತಿ, ಕೆಲಸ, ಮಾರ್ಗದರ್ಶನಗಳನ್ನು ಒದಗಿಸುವುದು ಅಂದಿನ ಬೊಕ್ಕಸದ ಶಕ್ತಿಗೆ ಮೀರಿದ್ದಾಗಿತ್ತು. ವೆಚ್ಚ ಮತ್ತು ನಿರ್ವಹಣೆಯ ತೊಡಕುಗಳ ಕಾರಣ ಶಿಫಾರಸು ಅಂಗೀಕಾರವಾಗಲಿಲ್ಲ. ಮರುವರ್ಷ ಪ್ರೊ. ಕೆ.ಜಿ. ಸೈಯಿದೈನ್ ಅವರು ಹಲವು ದೇಶಗಳ ವಿದ್ಯಾರ್ಥಿ ಸೇವೆಯ ಪದ್ಧತಿಗಳನ್ನು ಅಭ್ಯಸಿಸಿ ಸರಕಾರಕ್ಕೆ ವರದಿಯೊಂದನ್ನು ಒಪ್ಪಿಸಿದರು.

ಈ ನಡುವೆ ಕಡ್ಡಾಯದ ಮಾರ್ಗವು ಇನ್ನೊಂದು ಕ್ಷೇತ್ರದಲ್ಲಿ ಪರೀಕ್ಷೆಗೆ ಒಳಗಾಯಿತು. 1948ರ ಕಾಯಿದೆಯ ಮೂಲಕ ಸ್ಥಾಪಿತವಾಗಿದ್ದ ಎನ್.ಸಿ.ಸಿ.ಯು ಮೊದಲು ಸ್ವಇಚ್ಛೆಯ ಸಂಘಟನೆಯಾಗಿತ್ತು. 1962ರ ಚೀನಾ ಆಕ್ರಮಣದ ತರುವಾಯ, 1963ರಲ್ಲಿ, ಅದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯಗೊಳಿಸಲಾಯಿತು. ದೇಶಕ್ಕೆ ಆಪತ್ತು ಒದಗಿದ್ದ ಕಾಲವದು, ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೂ ಐದೇ ವರ್ಷಗಳಲ್ಲಿ, ಅಂದರೆ 1968ರಲ್ಲಿ, ಕಡ್ಡಾಯವನ್ನು ಕೈಬಿಟ್ಟು ಅದನ್ನು ಪುನಃ ಸ್ವಇಚ್ಛೆಗೆ ಬಿಡಲಾಯಿತು. ಹಾಜರಿಯ ಪುಸ್ತಕವು ತುಂಬಿದ ಮಾತ್ರಕ್ಕೆ ಶ್ರದ್ಧೆಯು ತುಂಬುವುದಿಲ್ಲವೆಂಬುದಕ್ಕೆ ಈ ಐದು ವರ್ಷಗಳ ಅನುಭವವು ನಿದರ್ಶನವಾಗಿ ನಿಲ್ಲುತ್ತದೆ.

ಡಾ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು (1964–66) ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ವಿದ್ಯಾರ್ಥಿಗಳು ಯಾವುದಾದರೊಂದು ಬಗೆಯ ಸಮಾಜಸೇವೆಯಲ್ಲಿ ತೊಡಗಬೇಕೆಂದು ಹೇಳಿತು. ಇಲ್ಲಿ ಚರ್ಚೆಯು ಹೊಸ ತಿರುವನ್ನು ಪಡೆಯಿತು. ಸೇವೆಯು ಓದಿಗೆ ಮೊದಲು ಸಲ್ಲಿಸುವ ಸುಂಕವಲ್ಲ, ಓದು ಮುಗಿದ ಮೇಲೆ ತೀರಿಸುವ ಸಾಲವೂ ಅಲ್ಲ. ಓದಿನೊಡನೆಯೇ ಸಾಗಬೇಕಾದ ಕಲಿಕೆ. 1967ರ ಏಪ್ರಿಲ್‌ನಲ್ಲಿ ಸೇರಿದ ರಾಜ್ಯಗಳ ಶಿಕ್ಷಣ ಸಚಿವರ ಸಮ್ಮೇಳನವು ವಿಶ್ವವಿದ್ಯಾಲಯದ ಹಂತದಲ್ಲಿ ಎನ್.ಸಿ.ಸಿ.ಗೆ ಪರ್ಯಾಯವಾಗಿ ರಾಷ್ಟ್ರೀಯ ಸೇವಾ ಯೋಜನೆ ಎಂಬ ಹೊಸ ಮಾರ್ಗವನ್ನು ತೆರೆಯಲು ಸಲಹೆ ಮಾಡಿತು. 1969ರ ಮೇ ತಿಂಗಳಲ್ಲಿ ಶಿಕ್ಷಣ ಸಚಿವಾಲಯವೂ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಕರೆದ ಸಭೆಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೇ ಈ ವಿಚಾರಕ್ಕೆ ಒಮ್ಮತದ ಬೆಂಬಲವಿತ್ತರು. ಹಿರಿಯರು ಇಪ್ಪತ್ತು ವರ್ಷ ಯಾರನ್ನು ಕುರಿತು ಚರ್ಚಿಸಿದ್ದರೋ ಅವರ ಅಭಿಪ್ರಾಯವೂ ಹೀಗೆ ಕೊನೆಗೆ ಸೇರಿಕೊಂಡಿತು.

1969ರ ಸೆಪ್ಟೆಂಬರ್ 24ರಂದು ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಯೋಜನೆಯನ್ನು ಉದ್ಘಾಟಿಸಿದರು. ಅದು ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷ. ಅರ್ಥಶಾಸ್ತ್ರಜ್ಞರಾದ ರಾವ್ ಅವರು ಆಗ ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದರು. ಮುಂದೆ 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಆರಂಭದಲ್ಲಿ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳು ಇದರ ವ್ಯಾಪ್ತಿಗೆ ಬಂದರು. ನಾಲ್ಕನೆಯ ಪಂಚವಾರ್ಷಿಕ ಯೋಜನೆಯಲ್ಲಿ ಇದಕ್ಕೆಂದು 5 ಕೋಟಿ ರೂಪಾಯಿಗಳನ್ನು ನಿಗದಿಪಡಿಸಲಾಗಿತ್ತು.

ಯೋಜನೆಯ ರಚನೆಯಲ್ಲಿಯೇ ಹಳೆಯ ಚರ್ಚೆಗೆ ಉತ್ತರವಿದೆ. ಸೇರುವುದು ವಿದ್ಯಾರ್ಥಿಯ ಇಚ್ಛೆ. ಆದರೆ ಸೇರಿದ ಬಳಿಕ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಪೂರೈಸಬೇಕು. ಪ್ರತಿ ಘಟಕಕ್ಕೂ ಒಬ್ಬ ಅಧ್ಯಾಪಕರು ಕಾರ್ಯಕ್ರಮಾಧಿಕಾರಿಯಾಗಿರುತ್ತಾರೆ. ಘಟಕವು ಒಂದು ಹಳ್ಳಿಯನ್ನೋ ಕೊಳಚೆ ಪ್ರದೇಶವನ್ನೋ ದತ್ತು ಪಡೆದು ಅಲ್ಲಿಗೆ ಮರಳಿ ಮರಳಿ ಹೋಗಬೇಕೆಂಬುದು ಯೋಜನೆಯ ಆಶಯ. ಇದಲ್ಲದೆ ರಜೆಯಲ್ಲಿ ವಿಶೇಷ ಶಿಬಿರವು ನಡೆಯುತ್ತದೆ. ಲಾಂಛನವು ಕೋನಾರ್ಕದ ಸೂರ್ಯದೇಗುಲದ ರಥಚಕ್ರ. ಅದರ ಎಂಟು ಅರೆಗಳು ದಿನದ ಎಂಟು ಜಾವಗಳನ್ನು ಸೂಚಿಸುತ್ತವೆ. ಧ್ಯೇಯವಾಕ್ಯದ ಸಾರ ಇಷ್ಟೇ: ನನಗಲ್ಲ, ನಿನಗೆ.

ಮುಂದಿನ ದಶಕಗಳಲ್ಲಿ ಕಾಲದ ಕರೆಗೆ ತಕ್ಕಂತೆ ಕೆಲಸದ ಸ್ವರೂಪವೂ ಬದಲಾಯಿತು. ಬರಗಾಲವು ದೇಶದ ಹಲವು ಭಾಗಗಳನ್ನು ಕಂಗೆಡಿಸಿದ್ದಾಗ, 1973ರಲ್ಲಿ, ಕ್ಷಾಮದ ವಿರುದ್ಧ ಯುವಜನರೆಂಬ ಶಿಬಿರಗಳು ನಡೆದವು. ಅನಂತರ ಕೊಳಕು ಮತ್ತು ರೋಗಗಳ ನಿವಾರಣೆ, ವನಮಹೋತ್ಸವ, ಗ್ರಾಮ ಪುನರ್ರಚನೆಗಳು ಶಿಬಿರಗಳ ವಿಷಯಗಳಾದವು. 1986ರಲ್ಲಿ ಆರಂಭವಾದ ಸಾಮೂಹಿಕ ಸಾಕ್ಷರತಾ ಕಾರ್ಯಕ್ರಮದಲ್ಲಿ ಸ್ವಯಂಸೇವಕರು ಅಕ್ಷರ ಕಲಿಸಲು ಹೊರಟರು. 1991ರಿಂದ ಏಡ್ಸ್ ಕುರಿತ ತಿಳಿವಳಿಕೆಯನ್ನು ಸಹಪಾಠಿಗಳಲ್ಲಿ ಹರಡುವ ಕೆಲಸವೂ ಸೇರಿತು. ರಕ್ತದಾನ ಶಿಬಿರಗಳಂತೂ ಎನ್.ಎಸ್.ಎಸ್. ಹೆಸರಿನೊಡನೆ ಬೆಸೆದುಹೋಗಿವೆ. 40,000ದಿಂದ ಹೊರಟ ಸಂಖ್ಯೆಯು 2010ರ ದಶಕದ ವೇಳೆಗೆ 30 ಲಕ್ಷವನ್ನು ಮೀರಿತ್ತು.

ಸಂಖ್ಯೆಯು ಬೆಳೆದಂತೆ ಹಳೆಯ ಪ್ರಶ್ನೆಯು ಹೊಸ ವೇಷದಲ್ಲಿ ಮರಳಿದೆ. ಈಗ ಕಡ್ಡಾಯದ ಬದಲು ಆಮಿಷವಿದೆ. ಪ್ರಮಾಣಪತ್ರವು ಪ್ರವೇಶಕ್ಕೂ ಉದ್ಯೋಗಕ್ಕೂ ಉಪಯುಕ್ತವೆಂಬ ಲೆಕ್ಕಾಚಾರದಿಂದ ಹೆಸರು ಬರೆಸುವವರಿದ್ದಾರೆ. ಗಂಟೆಗಳು ದಿನಚರಿಯಲ್ಲಿ ತುಂಬುತ್ತವೆ. ನೆಟ್ಟ ಸಸಿಗೆ ಮರುವಾರ ನೀರೆರೆಯುವವರಿರುವುದಿಲ್ಲ. ಶಿಬಿರದ ಸಮಾರೋಪದಲ್ಲಿ ಹಾರ ಬೀಳುವುದು ಅತಿಥಿಗಳ ಕೊರಳಿಗೆ. ಚರಂಡಿಯು ಮುಂದಿನ ಮಳೆಗೆ ಮತ್ತೆ ಕಟ್ಟಿಕೊಳ್ಳುತ್ತದೆ. ಇಂತಹ ಸೇವೆಯಲ್ಲಿ ಹಳ್ಳಿಯು ಒಂದು ಸಾಧನವಾಗುತ್ತದೆ, ಹಳ್ಳಿಗರು ಪ್ರೇಕ್ಷಕರಾಗುತ್ತಾರೆ. ಭಯದಿಂದ ಮಾಡಿದ ಸೇವೆಗೂ ಲೋಭದಿಂದ ಮಾಡಿದ ಸೇವೆಗೂ ಫಲದಲ್ಲಿ ಹೆಚ್ಚಿನ ಅಂತರವಿಲ್ಲ. ಎರಡರಲ್ಲಿಯೂ ಗಮನವೆಲ್ಲ ತನ್ನ ಮೇಲೆಯೇ ಇರುತ್ತದೆ.

ಹಾಗೆಂದು ಗಂಟೆಗಳ ಎಣಿಕೆಯನ್ನೇ ಹಳಿಯುವುದು ಸರಿಯಲ್ಲ. ವ್ರತಕ್ಕೂ ಎಣಿಕೆಯಿದೆ, ಅವಧಿಯಿದೆ, ಮಿತಿಯಿದೆ. ಆದರೆ ಆ ಮಿತಿಯನ್ನು ವ್ರತಿಯು ತಾನಾಗಿ ಸ್ವೀಕರಿಸಿರುತ್ತಾನೆ. ಒಮ್ಮೆ ಸ್ವೀಕರಿಸಿದ ಮೇಲೆ ಮನಸ್ಸು ಒಲ್ಲದ ದಿನವೂ ಪಾಲಿಸುತ್ತಾನೆ. ವಿಧಿಗೂ ವ್ರತಕ್ಕೂ ಇರುವ ಭೇದ ಇದೇ. 240 ಗಂಟೆಗಳು ಯಾವ ಊರಿನ ದಾರಿದ್ರ್ಯವನ್ನೂ ನೀಗಲಾರವು. ಆದರೆ ಕುಡಿಯುವ ನೀರು ಎಷ್ಟು ದೂರದಿಂದ ಬರುತ್ತದೆ, ಬಾಲೆಯೊಬ್ಬಳು ಶಾಲೆಯನ್ನು ಏಕೆ ಬಿಡುತ್ತಾಳೆ, ಸಾಲದ ಬಡ್ಡಿಯು ಹೇಗೆ ಏರುತ್ತದೆ ಎಂಬುದನ್ನು ಹದಿನೆಂಟರ ಹರೆಯದಲ್ಲಿ ಕಣ್ಣಾರೆ ಕಂಡವನು ಮುಂದೆ ವೈದ್ಯನಾಗಲಿ, ಅಧಿಕಾರಿಯಾಗಲಿ, ವರ್ತಕನಾಗಲಿ, ತನ್ನ ನಿರ್ಧಾರಗಳ ಭಾರವು ಯಾರ ಮೇಲೆ ಬೀಳುವುದೆಂಬುದನ್ನು ಸುಲಭವಾಗಿ ಮರೆಯಲಾರನು.

ಸೇವೆಯನ್ನು ಆಜ್ಞೆಯಿಂದ ಹುಟ್ಟಿಸಲಾಗದು, ಅವಕಾಶವಿಲ್ಲದೆ ಅದು ಬೆಳೆಯಲಾರದು. ಅವಕಾಶವನ್ನು ಒದಗಿಸುವುದು ಸರಕಾರದ, ವಿದ್ಯಾಸಂಸ್ಥೆಗಳ ಹೊಣೆ. ಜೊತೆಗೆ ನಿಂತು ದುಡಿಯುವುದು ಗುರುವಿನ ಹೊಣೆ. ಆ ಅವಕಾಶವನ್ನು ವ್ರತವಾಗಿಸಿಕೊಳ್ಳುವುದು ಮಾತ್ರ ವಿದ್ಯಾರ್ಥಿಯದು. ಮಗನೋ ಮಗಳೋ ಶಿಬಿರಕ್ಕೆ ಹೊರಟಾಗ ಇದರಿಂದ ಎಷ್ಟು ಅಂಕ ದೊರೆಯುವುದೆಂದು ಕೇಳುವ ಬದಲು, ಆ ಊರಿಗೆ ಮತ್ತೆ ಎಂದು ಹೋಗುವೆಯೆಂದು ಕೇಳುವ ಪಾಲಕರು ಇಪ್ಪತ್ತು ವರ್ಷಗಳ ಆ ಚರ್ಚೆಗೆ ತಮ್ಮ ಮನೆಯಲ್ಲಿಯೇ ಉತ್ತರವನ್ನು ಒದಗಿಸಬಲ್ಲರು.