ಮೈಸೂರು ಯುದ್ಧಗಳಲ್ಲಿ 19ನೆಯ ಲೈಟ್ ಡ್ರಗೂನ್ಸ್: ಒಂದು ಟಿಪ್ಪಣಿ

ಇಂಗ್ಲೆಂಡಿನ ದೊರೆಯ ಸೈನ್ಯದಿಂದ ಭಾರತಕ್ಕೆ ಬಂದ ಮೊದಲ ಅಶ್ವದಳ 19ನೆಯ ಲೈಟ್ ಡ್ರಗೂನ್ಸ್. ಈ ದಳದ ಹೆಸರಿನೊಡನೆ ಇತಿಹಾಸಕಾರರು ಸಾಮಾನ್ಯವಾಗಿ ನೆನೆಯುವುದು ಮರಾಠರ ವಿರುದ್ಧ ನಡೆದ 1803ರ ಅಸ್ಸಾಯೆ ಕಾಳಗವನ್ನು. ಆದರೆ 1782ರಿಂದ 1806ರವರೆಗೆ ದಕ್ಷಿಣ ಭಾರತದಲ್ಲಿದ್ದ ಈ ದಳದ ದೊಡ್ಡ ದಂಡಯಾತ್ರೆಗಳಲ್ಲಿ ಹೆಚ್ಚಿನವು ಮೈಸೂರಿನ ಮೇಲೆ, ಇಲ್ಲವೇ ಮೈಸೂರಿನ ಪತನದಿಂದ ಹುಟ್ಟಿದ ಗಲಭೆಗಳ ಮೇಲೆ ನಡೆದವು. ಆ ವರ್ಷಗಳಲ್ಲಿ ದಳ ಏನು ಮಾಡಿತು, ಮುಂದೆ ಅದರ ಗೌರವ ಯಾರ ಪಾಲಾಯಿತು ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ಸಂಖ್ಯೆಯ ಗೊಂದಲವನ್ನು ಬಿಡಿಸಿಕೊಳ್ಳಬೇಕು. 1781ರಲ್ಲಿ ಸರ್ ಜಾನ್ ಬರ್ಗೋಯ್ನ್ ಈ ದಳವನ್ನು ಕಟ್ಟಿದಾಗ ಅದರ ಸಂಖ್ಯೆ 23. ಈತ ಅಮೆರಿಕದ ಸಾರಟೋಗಾದಲ್ಲಿ ಶರಣಾದ ಅದೇ ಹೆಸರಿನ ಜನರಲ್ ಅಲ್ಲ. 1786ರಲ್ಲಿ ಸಂಖ್ಯೆ 19 ಆಯಿತು. ಆದ್ದರಿಂದ ಎರಡನೆಯ ಮೈಸೂರು ಯುದ್ಧಕಾಲದ ಕಾಗದಗಳಲ್ಲಿ ಕಾಣುವ 23ನೆಯ ದಳವೂ ಇದೂ ಒಂದೇ. ಮುಂದೆ ಯುರೋಪಿನ ಯುದ್ಧಗಳಲ್ಲಿ ಅದೇ 23ರ ಸಂಖ್ಯೆ ಹೊತ್ತ ದಳಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಡಗಿನಲ್ಲಿ ಬಂದವರು ಸವಾರರು ಮಾತ್ರ. ಕುದುರೆಗಳನ್ನು ಇಲ್ಲಿಯೇ ಒದಗಿಸಬೇಕಾಯಿತು. ದಂಡು ಹೊರಟಾಗ ಕುದುರೆಗಳ ಹಿಂದೆ ಲಾಯದಾಳುಗಳೂ ಹುಲ್ಲು ಕೊಯ್ಯುವವರೂ ಹೊರಡುತ್ತಿದ್ದರು. ದಾಣಿಗೆ ಹುರುಳಿ ಬೇಕಿತ್ತು, ಅದನ್ನು ಹೊರಲು ಎತ್ತುಗಳು ಬೇಕಿದ್ದವು. ಟಿಪ್ಪುವಿನ ಹಗುರ ಸವಾರರು ಇದನ್ನು ಬಲ್ಲವರಾಗಿದ್ದರು. ಎದುರಾಳಿಯ ದಾರಿಯಲ್ಲಿನ ಮೇವನ್ನು ಸುಡುವುದು ಅವರ ಯುದ್ಧಕ್ರಮದ ಮುಖ್ಯ ಭಾಗ. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬಂದೂ ಮುತ್ತಿಗೆಯ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಬೇಕಾದದ್ದು ದನಗಳು ಸತ್ತು, ಕುದುರೆಗಳು ಸೊರಗಿ, ಧಾನ್ಯ ಮುಗಿದದ್ದರಿಂದ.

ಮೂರನೆಯ ಮೈಸೂರು ಯುದ್ಧದಲ್ಲಿ ದಳದ ನಾಯಕ ಜಾನ್ ಫ್ಲಾಯ್ಡ್. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಗಜ್ಜಲಹಟ್ಟಿ ಕಣಿವೆಯಿಂದಿಳಿದು ಸತ್ಯಮಂಗಲದ ಬಳಿ ಅವನ ಮೇಲೆ ಬಿದ್ದ. ಡ್ರಗೂನರು ಮೈಸೂರಿನ ಸವಾರರನ್ನು ಹಿಮ್ಮೆಟ್ಟಿಸಿದರೂ ಫ್ಲಾಯ್ಡ್ ಫಿರಂಗಿಗಳನ್ನು ಬಿಟ್ಟು ಹಿಂದೆಗೆಯಬೇಕಾಯಿತು. ಆ ಹಿಮ್ಮೆಟ್ಟುವಿಕೆಯ ನಡುವೆ ನಡೆದ ಕಾದಾಟದಲ್ಲಿ ಟಿಪ್ಪುವಿನ ಭಾವಮೈದುನ ಬುರ್ಹಾನುದ್ದೀನ್ ಮಡಿದ. ಮರುವರ್ಷ ಮಾರ್ಚ್ 6ರಂದು, ಬೆಂಗಳೂರು ಪೇಟೆಯ ಮೇಲಿನ ದಾಳಿಗೆ ಒಂದು ದಿನ ಮೊದಲು, ಇದೇ ಫ್ಲಾಯ್ಡ್ ನೆಲ ನೋಡಿಕೊಂಡು ಬರಲು ಹೋದವನು ಟಿಪ್ಪುವಿನ ಸಾಮಾನು ಸರಂಜಾಮಿನ ಸಾಲನ್ನು ಕಂಡು ಬೆನ್ನಟ್ಟಿದ. ಹಳ್ಳಕೊಳ್ಳಗಳ ನೆಲದಲ್ಲಿ ಸಾಲು ಮುರಿಯಿತು, ಗುಂಡೊಂದು ಫ್ಲಾಯ್ಡನ ಮುಖಕ್ಕೆ ತಗುಲಿತು, ನಾಯಕ ಬಿದ್ದೊಡನೆ ಸವಾರರು ಚದರಿದರು. ಮೇಜರ್ ಗೌಡಿಯ ಕಾಲಾಳುಗಳ ಆಸರೆ ಸಿಕ್ಕದಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು. ಫ್ಲಾಯ್ಡ್ ಬದುಕಿಕೊಂಡ. ಮೈಸೂರಿನ ನೆಲದಲ್ಲಿ ದಳ ಕಲಿತದ್ದರಲ್ಲಿ ಸೋಲಿನ ಪಾಠವೂ ಇದೆ ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

1799ರಲ್ಲಿ, ನಾಲ್ಕನೆಯ ಮೈಸೂರು ಯುದ್ಧದ ಮಳವಳ್ಳಿ ಕಾಳಗದಲ್ಲಿ ಫ್ಲಾಯ್ಡನ ಅಶ್ವಸೇನೆ ನೇರವಾಗಿ ಕಾದಿತು. ಆದರೆ ಶ್ರೀರಂಗಪಟ್ಟಣದ ಕೋಟೆಯ ಮುತ್ತಿಗೆ ಸವಾರರ ಕೆಲಸವಲ್ಲ. ಏಪ್ರಿಲಿನಲ್ಲಿ ಫ್ಲಾಯ್ಡ್ ಪಿರಿಯಾಪಟ್ಟಣದ ಕಡೆಯಿಂದ ಬರುತ್ತಿದ್ದ ಬೊಂಬಾಯಿ ಸೈನ್ಯವನ್ನು ಕರೆತಂದ. ಆಮೇಲೆ ಧಾನ್ಯದ ಸಾಗಣೆಗೆ ಕಾವಲಾಗಲು ಕಾವೇರಿಪುರದ ಕಣಿವೆಯತ್ತ ಹೊರಟ. ದಳದ ‘ಶ್ರೀರಂಗಪಟ್ಟಣ’ ಯುದ್ಧಗೌರವವನ್ನು ಓದುವಾಗ ಕೋಟೆಗೋಡೆಯ ಬಿರುಕಿನೊಳಗೆ ನುಗ್ಗಿದ್ದನ್ನಷ್ಟೇ ಅಲ್ಲ, ಈ ಕಾವಲು ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೋಟೆ ಬಿದ್ದಾಗ ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಚನ್ನಗಿರಿಯ ಧೋಂಡಿಯಾ ವಾಘ್ ಒಂದೇ ವರ್ಷದಲ್ಲಿ ದೊಡ್ಡ ಸೈನ್ಯ ಕಟ್ಟಿದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿ ಅವನನ್ನು ಎದುರಿಸಿದಾಗ ಕೈಯಲ್ಲಿದ್ದದ್ದು ನಾಲ್ಕು ಅಶ್ವದಳಗಳು: 19 ಮತ್ತು 25ನೆಯ ಡ್ರಗೂನರು, ಮದ್ರಾಸಿನ 1 ಮತ್ತು 2ನೆಯ ದೇಶೀ ಅಶ್ವದಳಗಳು. ಎದುರಿಗಿದ್ದವರು ಸುಮಾರು 5,000. ಇಕ್ಕೆಲಗಳಿಂದ ಸುತ್ತುವರಿಯದಂತೆ ನಾಲ್ಕೂ ದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದೆ ನಿಂತು ನುಗ್ಗಿದ. ಧೋಂಡಿಯಾ ಅಲ್ಲಿಯೇ ಸತ್ತ. ಅವನ ಎಳೆಯ ಮಗ ಸಲಾಬತ್ ಖಾನನ ಪೋಷಣೆಯನ್ನು ವೆಲ್ಲೆಸ್ಲಿಯೇ ವಹಿಸಿಕೊಂಡ.

ಅಸ್ಸಾಯೆಯಲ್ಲಿ, 1803ರ ಸೆಪ್ಟೆಂಬರ್ 23ರಂದು, ಕರ್ನಲ್ ಮ್ಯಾಕ್ಸ್‌ವೆಲ್ ನಡೆಸಿದ ಸವಾರರ ದಾಳಿ ನಾಶದ ಅಂಚಿನಲ್ಲಿದ್ದ 74ನೆಯ ಕಾಲಾಳು ದಳವನ್ನು ಉಳಿಸಿತು. ಮ್ಯಾಕ್ಸ್‌ವೆಲ್ ಅದೇ ದಿನ ಮಡಿದ. ಅಲ್ಲಿಯೂ 19ನೆಯ ದಳದ ಜೊತೆ ಮದ್ರಾಸಿನ 4, 5 ಮತ್ತು 7ನೆಯ ದೇಶೀ ಅಶ್ವದಳಗಳಿದ್ದವು. ಮೈಸೂರಿನ ಸವಾರರೂ ವೆಲ್ಲೆಸ್ಲಿಯ ಸೈನ್ಯದಲ್ಲಿದ್ದರು. 1806ರ ಜುಲೈ 10ರಂದು, ಟಿಪ್ಪುವಿನ ಮಕ್ಕಳನ್ನಿರಿಸಿದ್ದ ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದಾಗ, ಆರ್ಕಾಟಿನಿಂದ ಕರ್ನಲ್ ಗಿಲೆಸ್ಪಿಯೊಡನೆ ಧಾವಿಸಿದವರೂ ಇದೇ ಡ್ರಗೂನರು. ಕೋಟೆಯೊಳಗೆ ಅಂದು ನೂರಾರು ಸಿಪಾಯಿಗಳ ಹತ್ಯೆಯಾಯಿತು. ಆ ವರ್ಷವೇ ದಳ ಭಾರತ ಬಿಟ್ಟಿತು.

ಮುಂದೆ ಕೆನಡಾದ ಗಡಿಯಲ್ಲಿ ಅಮೆರಿಕನ್ನರ ವಿರುದ್ಧ ಕಾದಿ, ಲ್ಯಾನ್ಸರ್ಸ್ ಎನಿಸಿಕೊಂಡು, 1821ರಲ್ಲಿ ದಳ ವಿಸರ್ಜನೆಯಾಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಬಂಗಾಳದಲ್ಲಿ ಎದ್ದ ಯುರೋಪಿಯನ್ ಅಶ್ವದಳವೊಂದು ದೊರೆಯ ಸೈನ್ಯಕ್ಕೆ ಸೇರಿ 19ನೆಯ ಹುಸಾರ್ಸ್ ಆಯಿತು. ಹಳೆಯ ಸಂಖ್ಯೆಯ ಜೊತೆಗೆ ಹಳೆಯ ಯುದ್ಧಗೌರವಗಳೂ ಅಸ್ಸಾಯೆಯ ಗೆಲುವಿಗಾಗಿ ಹಳೆಯ ದಳಕ್ಕೆ ದೊರೆತಿದ್ದ ಆನೆಯ ಲಾಂಛನವೂ ಅದಕ್ಕೆ ಸಂದವು. ಅದು 1922ರಲ್ಲಿ 15ನೆಯ ಹುಸಾರ್ಸ್ ಜೊತೆ ಕೂಡಿತು. ಹಾಗೆ ಕೂಡಿದ ದಳ 1992ರಲ್ಲಿ ಇಂದಿನ ಲೈಟ್ ಡ್ರಗೂನ್ಸ್‌ನಲ್ಲಿ ಸೇರಿಹೋಯಿತು.

1821ಕ್ಕೂ 1858ಕ್ಕೂ ನಡುವೆ 37 ವರ್ಷಗಳ ಅಂತರವಿದೆ. ಹೀಗಾಗಿ 19ನೆಯ ಹುಸಾರ್ಸ್ ಧರಿಸಿದ ‘ಮೈಸೂರು’, ‘ಶ್ರೀರಂಗಪಟ್ಟಣ’ ಎಂಬ ಗೌರವಗಳು ಅವಿಚ್ಛಿನ್ನ ಸೇವೆಯ ದಾಖಲೆಯಲ್ಲ, ಸಂಖ್ಯೆಯ ಮೂಲಕ ಬಂದ ವಾರಸು. ಕೋಣಗಲ್ಲು, ಅಸ್ಸಾಯೆಗಳ ಗೆಲುವೂ ಈ ಒಂದೇ ದಳದ್ದಲ್ಲ. ಅದರಲ್ಲಿ ಮದ್ರಾಸಿನ ದೇಶೀ ಸವಾರರ ಪಾಲು ಸಮನಾದದ್ದು.